ಡಾಕ್ಟರ ಮೇಜಿನ ಮೇಲಿನ ಚೀಲ

ವರ್ಗಾವಣೆ ಎಂದರೆ ಏನೇನು ವರ್ಗವಾಗುತ್ತದೆ ಎಂಬುದನ್ನು ನನ್ನನ್ನು ಕೇಳಬೇಕು. ಗ್ಯಾಸ್ ಸಂಪರ್ಕ ವರ್ಗವಾಗುತ್ತದೆ. ಮಗಳ ಶಾಲೆಯ ಟಿ.ಸಿ. ಕೈಗೆ ಬರುತ್ತದೆ. ಗದಗಿನಿಂದ ತಂದ ರೊಟ್ಟಿ ಹಂಚು, ತವರಿನ ಬೀಸುವ ಕಲ್ಲು, ಕಾಲು ಮುರಿದ ಸ್ಟೂಲು ಕೂಡ ಗೋಣಿತಟ್ಟು ಸುತ್ತಿಸಿಕೊಂಡು ಲಾರಿ ಏರುತ್ತವೆ. ನಮ್ಮ ಮನೆಯಲ್ಲಿ ವರ್ಗವಾಗದೆ ಉಳಿಯುತ್ತಿದ್ದದ್ದು ಒಂದೇ, ನನ್ನ ಆಸ್ಪತ್ರೆಯ ಫೈಲು. ಸೂರತ್ತಿನಿಂದ ಅಹಮದಾಬಾದಿಗೆ ಹೋಗುವಾಗ ಅದು ಬರಲಿಲ್ಲ. ಅಹಮದಾಬಾದಿನಿಂದ ವಡೋದರಾಕ್ಕೆ ಬರುವಾಗಲೂ ಬರಲಿಲ್ಲ. "ಹೊಸಾ ಊರು, ಹೊಸಾದಾಗಿ ಶುರು ಮಾಡೋಣು" ಎನ್ನುತ್ತಿದ್ದರು ನನ್ನ ಗಂಡ. ಅವರು ಬ್ಯಾಂಕಿನವರು. ಕೆಲವು ವರ್ಷಕ್ಕೊಮ್ಮೆ ಬರುವ ಆದೇಶವನ್ನು ಅವರು ನನ್ನ ಜಡ್ಡಿಗೆ ಬ್ಯಾಂಕು ಕಳಿಸುವ ಔಷಧಿ ಎಂದೇ ತಿಳಿದಿದ್ದರು.

ಆ ಜಡ್ಡಿನ ಹೆಸರು ಬೈಪೋಲಾರ್. ಈ ಒಂದು ಹೆಸರು ನನ್ನ ಕಿವಿಗೆ ಬೀಳಲು ಆರು ವರ್ಷ, ಮೂರು ಊರು ಬೇಕಾದವು. ಕೆಲವು ತಿಂಗಳು ಮನಸ್ಸು ಮೇಲೇರುತ್ತದೆ, ಕೆಲವು ತಿಂಗಳು ನೆಲ ಕಚ್ಚುತ್ತದೆ, ನಡುವೆ ಎಲ್ಲರ ಹಾಗೆ ಇರುತ್ತದೆ. ಮೇಲೇರಿದಾಗ ನನ್ನನ್ನು ನೋಡಿದವರು ಭೇಷ್ ಎಂದರು. ನೆಲ ಕಚ್ಚಿದಾಗ ಮಾತ್ರ ಡಾಕ್ಟರ ಬಳಿ ಕರೆದೊಯ್ದರು. ಎಡವಟ್ಟಾದದ್ದು ಅಲ್ಲೇ, ಆದರೆ ಅದು ತಾನಾಗಿ ಆದ ಎಡವಟ್ಟಲ್ಲ.

ಮದುವೆಯಾಗಿ ಆರು ವರ್ಷ ನಾವು ಗದಗಿನ ಆಸುಪಾಸಿನಲ್ಲೇ ಇದ್ದೆವು. ಆಮೇಲೆ ಪ್ರಮೋಷನ್ ಕೊಟ್ಟು ಅವರನ್ನು ಸೂರತ್ತಿಗೆ ಎತ್ತಿ ಹಾಕಿದರು. ಅವರ ಶಾಖೆ ಊರಾಚೆಯ ಸಚಿನ್ ಎಂಬಲ್ಲಿ, ಮನೆ ಉಧ್ನಾ ಬಡಾವಣೆಯ ಒಂದು ಮೂರನೇ ಮಹಡಿಯಲ್ಲಿ. ಹಿಂದಿನ ಓಣಿಯಲ್ಲಿ ದಿನವಿಡೀ ಮಗ್ಗಗಳ ಖಟಖಟ. ಮಗಳಿಗೆ ಆಗ ನಾಲ್ಕು. ನನಗೆ ಹಿಂದಿ ಶಾಲೆಯಲ್ಲಿ ಓದಿ ಪಾಸಾಗುವಷ್ಟು ಬರುತ್ತಿತ್ತು, ಬಾಯಿ ಬಿಟ್ಟು ಆಡುವಷ್ಟು ಬರುತ್ತಿರಲಿಲ್ಲ. ತರಕಾರಿಯವನಿಗೆ ಬೆರಳು ತೋರಿಸಿ ಬದುಕಿದೆ. ಮೊದಲ ವರ್ಷ ಮುಗಿಯುವ ಹೊತ್ತಿಗೆ ಬೆರಳೆತ್ತುವುದೂ ಭಾರವಾಯಿತು. ಒಂದು ದಿನ ಎಣ್ಣೆ ಕಾಯುತ್ತಿತ್ತು, ನಾನು ಸಾಸಿವೆ ಡಬ್ಬಿ ಹಿಡಿದು ನಿಂತಿದ್ದೆ. ಮುಂದೆ ಏನು ಮಾಡಬೇಕೆಂಬುದು ನೆನಪಾಗಲಿಲ್ಲ. ಹೊಗೆ ತುಂಬಿ ಮಗಳು ಕೆಮ್ಮಿದಾಗಲೂ ಡಬ್ಬಿ ಹಿಡಿದೇ ನಿಂತಿದ್ದೆ. ಅವತ್ತು ಸಂಜೆ ಅವರು ನನ್ನನ್ನು ಡಾಕ್ಟರ ಹತ್ತಿರ ಕರೆದೊಯ್ದರು.

ಆ ಡಾಕ್ಟರು ವಯಸ್ಸಾದವರು, ಸಮಾಧಾನಿ. ಹಿಂದಿಯಲ್ಲಿ ಕೇಳುತ್ತಿದ್ದರು, ನನ್ನ ಗಂಡ ಅದನ್ನು ಕನ್ನಡಕ್ಕೆ ತಂದು ನನಗೆ ಕೊಡುತ್ತಿದ್ದರು, ನಾನು ಎರಡು ಮಾತು ಆಡಿದರೆ ಅದನ್ನು ಹಿಂದಿಗೆ ಒಯ್ದು ಅವರಿಗೆ ಮುಟ್ಟಿಸುತ್ತಿದ್ದರು. ಮನೆಯಲ್ಲಿ ಯಾರಿಗಾದರೂ ಮನಸ್ಸಿನ ಕಾಯಿಲೆ ಇತ್ತೇ ಎಂದು ಕೇಳಿದರು. ಇಲ್ಲ ಎಂದರು ನನ್ನ ಗಂಡ. ಅದು ಅವರ ತಪ್ಪಲ್ಲ, ಅವರಿಗೆ ಗೊತ್ತಿರಲಿಲ್ಲ. ನನ್ನ ಅವ್ವನ ಅಣ್ಣ ಒಬ್ಬ ವರ್ಷಕ್ಕೆ ಮೂರು ತಿಂಗಳು ಊರ ಮಂದಿಗೆಲ್ಲ ಪತ್ರ ಬರೆದು ಹಂಚುತ್ತಿದ್ದ, ಉಳಿದ ತಿಂಗಳು ಹಿತ್ತಲ ಕೋಣೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ನನ್ನನ್ನು ನೋಡಲು ಬೀಗರು ಬಂದ ದಿನ ಅವನನ್ನು ಲಕ್ಷ್ಮೇಶ್ವರಕ್ಕೆ ಸಾಗಹಾಕಿದ್ದರು. ಅದು ನನಗೆ ಗೊತ್ತಿತ್ತು. ಡಾಕ್ಟರ ಮುಂದೆ ಕೂತಾಗ ನನಗೆ ಅವನ ನೆನಪೂ ಆಯಿತು. ಆದರೂ ನಾನು ತುಟಿ ಬಿಚ್ಚಲಿಲ್ಲ. ಮುಚ್ಚಿಡುವುದನ್ನು ನಾನು ಗಂಡನ ಮನೆಯಲ್ಲಿ ಕಲಿತದ್ದಲ್ಲ, ತವರಿನಿಂದ ಕಲಿತೇ ಬಂದದ್ದು.

ಖಿನ್ನತೆ ಎಂದರು, ಗುಳಿಗೆ ಕೊಟ್ಟರು. ನಾಲ್ಕನೇ ವಾರ ನಾನು ಎದ್ದು ಕೂತೆ. ಆರನೇ ವಾರಕ್ಕೆ ಮನೆಯ ಗೋಡೆ ತೊಳೆದೆ. ಎಂಟನೇ ವಾರಕ್ಕೆ ನನಗೆ ನಿದ್ದೆ ಬೇಕಾಗಲೇ ಇಲ್ಲ, ಹಸಿವೂ ಆಗಲಿಲ್ಲ, ಕಂಡದ್ದೆಲ್ಲ ಅರ್ಥವಾಗತೊಡಗಿತು. ಬಾರದ ಹಿಂದಿ ಬಂದುಬಿಟ್ಟಿತು! ಲಿಂಗ ತಪ್ಪು, ವಚನ ತಪ್ಪು, ಆದರೆ ಮಾತು ನಿಲ್ಲುತ್ತಲೇ ಇರಲಿಲ್ಲ. ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಎರಡು ನೂರು ಜೋಳದ ರೊಟ್ಟಿಯನ್ನು ಒಬ್ಬಳೇ ಬಡಿದೆ. ಬ್ಯಾಂಕಿನವರ ಹೆಂಡಂದಿರು ನನ್ನ ಕೈ ಹಿಡಿದು ನೋಡಿದರು. ನನ್ನ ಗಂಡ ಕುರ್ಚಿ ಜೋಡಿಸುತ್ತಾ ಎಲ್ಲರಿಗೂ ಹೇಳಿಕೊಂಡು ಓಡಾಡಿದರು: "ನಮ್ಮ ಮನ್ಯಾಕಿ ಈಗ ಪೂರಾ ಅರಾಮ ನೋಡ್ರಿ."

ನಾನು ಎಂದೂ ಅಷ್ಟು ಸುಖವಾಗಿರಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಆ ಸುಖ ಸುಳ್ಳು ಎಂದು ಈಗ ನನಗೆ ಹೇಳುತ್ತಾರೆ. ಇರಬಹುದು.

ಆಗಲೇ ನನಗೆ ಕಸೂತಿಯ ಯೋಚನೆ ಬಂತು. ನಮ್ಮ ಕಡೆಯ ಹೆಂಗಸರು ದಾರ ಎಣಿಸಿ ಎಣಿಸಿ ತಿಂಗಳುಗಟ್ಟಲೆ ಹಾಕುವ ಆನೆ, ಗೋಪುರ, ತುಳಸಿಕಟ್ಟೆಗಳನ್ನು ಸೂರತ್ತಿನ ಮಿಲ್ಲು ಗಳಿಗೆಯಲ್ಲಿ ಪ್ರಿಂಟ್ ಮಾಡಿಕೊಡುತ್ತದೆ, ಧಾರವಾಡದಿಂದ ದುಬೈವರೆಗೆ ಕನ್ನಡದ ಹೆಂಗಸರೆಲ್ಲ ಅದನ್ನೇ ಉಡುತ್ತಾರೆ. ಇಷ್ಟು ಸರಳ ವಿಚಾರ ಇನ್ನೂ ಯಾರಿಗೂ ಹೊಳೆದಿಲ್ಲವಲ್ಲ ಎಂದು ನನಗೆ ನಗು ಬರುತ್ತಿತ್ತು. ಅಜ್ಜಿಯ ಕಾಲದ ಇಲಕಲ್ ಸೀರೆಯ ಸೆರಗನ್ನು ಕತ್ತರಿಸಿ ಮಾದರಿಗೆಂದು ಹಿಡಿದುಕೊಂಡು ಬಟ್ಟೆ ಮಿಲ್ಲುಗಳಿರುವ ಪಾಂಡೇಸರಾಕ್ಕೆ ಹೋದೆ. ಉಗಿ, ಬಣ್ಣದ ಪೀಪಾಯಿ, ಕಾಲಿಗೆ ಅಂಟುವ ನೀರು. ಪ್ರಿಂಟಿಂಗ್ ಮಾಸ್ತರ ಮುಂದೆ ಆ ಸೆರಗು ಹಾಸಿ ಒಂದು ತಾಸು ಮಾತಾಡಿದೆ. ಅವನು ಮೊದಲು ನಕ್ಕ, ಆಮೇಲೆ ಚಹಾ ತರಿಸಿದ, ಕೊನೆಗೆ ಮುಂಗಡ ತೆಗೆದುಕೊಂಡ. ಬಟ್ಟೆಯ ಉರುಳೆಗಳು ಮನೆಗೆ ಬಂದ ದಿನ ಲಿಫ್ಟು ಕೆಟ್ಟಿತ್ತು, ನಾಲ್ಕು ಜನ ಮೆಟ್ಟಿಲ ಮೇಲೆ ಹೊತ್ತು ತಂದರು. ಹಾಲ್ ತುಂಬಿತು. ಬದನೆಕಾಯಿ ಬಣ್ಣದ ಪಾಲಿಯೆಸ್ಟರು, ಅದರ ಮೇಲೆ ಅಂಗೈ ಅಗಲದ ಹಳದಿ ಆನೆಗಳು. ಅರ್ಧ ಆನೆಗಳು ಕಾಲು ಮೇಲೆ ಮಾಡಿಕೊಂಡು ಬಿದ್ದಿದ್ದವು.

ಒಂದೂ ಮಾರಲಿಲ್ಲ. ನಾನು ಸಿಕ್ಕವರ ಮೇಲೆಲ್ಲ ಹರಿಹಾಯ್ದೆ, ಸಂಘದ ಕಾರ್ಯದರ್ಶಿಯ ಹೆಂಡತಿಗೆ ಅವರ ಮನೆ ಬಾಗಿಲಲ್ಲೇ ನಿಂತು ಬಾಯಿಗೆ ಬಂದದ್ದು ಅಂದೆ, ಆ ಮೇಲೆ ಒಂದು ವಾರದಲ್ಲಿ ಗಾಳಿ ಹೋದ ಟ್ಯೂಬಿನ ಹಾಗೆ ಕುಸಿದೆ. ಬಟ್ಟೆಯ ಉರುಳೆಗಳ ನಡುವೆಯೇ ಚಾಪೆ ಹಾಕಿ ಮಲಗಿದೆ. ಅಷ್ಟರಲ್ಲಿ ಅಹಮದಾಬಾದಿಗೆ ವರ್ಗವಾಯಿತು. ನನ್ನ ಗಂಡ ಆ ಬಟ್ಟೆಯಲ್ಲಿ ಕಿಟಕಿ ಪರದೆ, ದಿಂಬಿನ ಚೀಲ, ಫ್ರಿಜ್ಜಿನ ಹೊದಿಕೆ ಹೊಲಿಸಿದರು. ಉಳಿದದ್ದನ್ನು ಬಂದವರಿಗೆ ಹೋದವರಿಗೆ ಕೊಟ್ಟರು. ಒಂದು ಕೈಚೀಲವನ್ನೂ ಹೊಲಿಸಿದ್ದರು, ಗಟ್ಟಿಯಾದ ಹಿಡಿಕೆ ಇಟ್ಟು. ಅದರಲ್ಲಿ ನನ್ನ ಗುಳಿಗೆ ಇಡತೊಡಗಿದರು.

ಅಹಮದಾಬಾದಿನ ಡಾಕ್ಟರು ಹರೆಯದವರು, ಚುರುಕು. ಆ ದಿನದ ಒಂದೊಂದು ಮಾತೂ ನನ್ನ ನೆನಪಿನಲ್ಲಿದೆ. ಬದನೆ ಬಣ್ಣದ ಚೀಲ ಅವರ ಮೇಜಿನ ಮೇಲಿತ್ತು, ತಲೆಕೆಳಗಾದ ಆನೆ ಅವರ ಕಡೆಗೆ ಮುಖ ಮಾಡಿತ್ತು. ಹಳೆಯ ಕಾಗದ ಇದೆಯೇ ಎಂದು ಕೇಳಿದರು. ಶಿಫ್ಟಿಂಗಿನಲ್ಲಿ ಕಳೆದುಹೋಯಿತು ಎಂದರು ನನ್ನ ಗಂಡ. ಅದು ಕಳೆದಿರಲಿಲ್ಲ, ಸೂರತ್ತಿನಲ್ಲಿ ಪಸ್ತಿಯವನ ತಕ್ಕಡಿಗೆ ಹೋಗಿತ್ತು. ಗುಜರಾತಿನಲ್ಲಿ ರದ್ದಿಗೆ ಪಸ್ತಿ ಎನ್ನುತ್ತಾರೆ. ಆಮೇಲೆ ಡಾಕ್ಟರು ಕೇಳಬೇಕಾದ್ದನ್ನೇ ಕೇಳಿದರು:

"ಕಭೀ ಇಸ್‌ಕಾ ಉಲ್ಟಾ ಹುವಾ ಹೈ? ನೀಂದ್ ಕಮ್, ಬಹುತ್ ಬಾತೇಂ, ಬಡೇ ಬಡೇ ಪ್ಲಾನ್?"

ನನಗೆ ಅದು ಅರ್ಥವಾಯಿತು: ಎಂದಾದರೂ ಇದರ ತಿರುವುಮುರುವು ಆಗಿತ್ತೇ, ನಿದ್ದೆ ಕಡಿಮೆ, ಮಾತು ಜಾಸ್ತಿ, ದೊಡ್ಡ ದೊಡ್ಡ ಯೋಜನೆ? ನೆಲಕಚ್ಚಿದ ದಿನಗಳಲ್ಲಿ ನನ್ನ ಬಾಯಿಗೆ ಬೀಗ, ಕಿವಿಗಲ್ಲ. ಆದರೂ ನನ್ನ ಗಂಡ ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದ್ದು ಬೇರೆ: "ಅರಾಮ ಇದ್ದಾಗ ಹೆಂಗ ಇರ್ತಿ ಅಂತ ಕೇಳಾಕತ್ತಾರ."

"ಆ ಅರಿವಿ ವಿಚಾರ ಹೇಳ್ರಿ" ಎಂದೆ. ನಮ್ಮ ಕಡೆ ಬಟ್ಟೆಗೆ ಅರಿವಿ ಎನ್ನುತ್ತೇವೆ. "ಪಾಂಡೇಸರಾದ್ದು ಹೇಳ್ರಿ."

ಅವರು ಡಾಕ್ಟರ ಕಡೆ ತಿರುಗಿದರು. "ನಹೀಂ ಸಾಬ್. ಬಾಕೀ ಟೈಮ್ ನಾರ್ಮಲ್. ಏಕ್‌ದಂ ನಾರ್ಮಲ್."

ನಾರ್ಮಲ್ ಎಂಬುದಕ್ಕೆ ಅನುವಾದ ಬೇಕಿರಲಿಲ್ಲ. ನಾನು ಅವರನ್ನೇ ನೋಡಿದೆ. ಅವರು ಚೀಲದ ಹಿಡಿಕೆ ಸರಿ ಮಾಡುತ್ತಾ ಕೂತಿದ್ದರು. ಡಾಕ್ಟರು ಆ ಒಂದು ಮಾತನ್ನು ನಂಬಿ ಮತ್ತೆ ಸೂರತ್ತಿನ ಗುಳಿಗೆಯನ್ನೇ, ಬೇರೆ ಹೆಸರಿನಲ್ಲಿ, ಬರೆದುಕೊಟ್ಟರು. ಅವರಾದರೂ ಇನ್ನೇನು ಬರೆದಾರು?

ಹೊರಗೆ ಬಂದ ಮೇಲೆ ಆಟೋದಲ್ಲಿ ಕೇಳಿದೆ, ಯಾಕೆ ಹೇಳಲಿಲ್ಲ ಎಂದು. "ಅದನ್ನ ಹೇಳಿದ್ರ ಹುಚ್ಚಿ ಅಂತ ಬರೀತಾರ. ಬ್ಯಾಂಕಿನ್ಯಾಗ ಸುದ್ದಿ ಆಗ್ತದ. ನಾಳೆ ಹುಡುಗಿ ಮದುವಿ ಮಾಡೂದೈತಿ" ಎಂದರು. ಹುಡುಗಿಗೆ ಆಗ ಏಳು ವರ್ಷ. ಅವಳ ಹಾಲುಹಲ್ಲು ಬೀಳುತ್ತಿದ್ದವು. ಇನ್ನೂ ಹುಟ್ಟಿರಬಹುದೋ ಇಲ್ಲವೋ ಗೊತ್ತಿಲ್ಲದ ಒಬ್ಬ ಅಳಿಯನ ಮರ್ಯಾದೆಗಾಗಿ ನನ್ನ ಮಾತನ್ನು ನುಂಗಿದರು. ನಾನು ಆಟೋದಲ್ಲಿ ಜಗಳ ತೆಗೆಯಬೇಕಿತ್ತು. ತೆಗೆಯಲಿಲ್ಲ. ಸುಸ್ತಾಗಿತ್ತು ಎನ್ನುವುದು ಅರ್ಧ ನಿಜ. ಉಳಿದರ್ಧ ಏನೆಂದರೆ, ಆ ಎರಡು ತಿಂಗಳನ್ನು ಜಡ್ಡಿನ ಲೆಕ್ಕಕ್ಕೆ ಬರೆಸಲು ನನಗೂ ಮನಸ್ಸಿರಲಿಲ್ಲ. ನನ್ನ ಜೀವನದಲ್ಲಿ ಜನ ನನ್ನ ಕೈ ಹಿಡಿದು ನೋಡಿದ್ದು ಆಗ ಮಾತ್ರ.

ಗುಳಿಗೆ ಮತ್ತೆ ತನ್ನ ಕೆಲಸ ಮಾಡಿತು. ಮೂರನೇ ತಿಂಗಳು ನಾನು ಮಗಳ ಶಾಲೆಗೆ ಹೋಗಿ, ಬೆಳಿಗ್ಗೆ ಮೊದಲ ಪೀರಿಯಡ್ಡಿನಲ್ಲೇ ತರಗತಿಯಿಂದ ಅವಳನ್ನು ಕರೆದುಕೊಂಡು, ಗದಗಿಗೆ ಹೋಗೋಣ ಎಂದು ಅಹಮದಾಬಾದಿನಲ್ಲಿ ರೈಲು ಹತ್ತಿದೆ. ಗಂಡನಿಗೆ ಹೇಳಲಿಲ್ಲ, ಟಿಕೆಟ್ಟು ತೆಗೆಸಿದೆನೋ ಇಲ್ಲವೋ ನೆನಪಿಲ್ಲ. ಡಬ್ಬಿಯಲ್ಲಿದ್ದವರಿಗೆಲ್ಲ ಕಸೂತಿಯ ಪಾಠ ಹೇಳಿದೆ. ಸೂರತ್ತು ಬಂದಾಗ ನನಗೆ ಹೊಳೆಯಿತು: ಆನೆಗಳು ತಲೆಕೆಳಗಾದದ್ದು ಮಾಸ್ತರನ ತಪ್ಪು, ಈಗಲೇ ಹೋಗಿ ಸರಿ ಮಾಡಿಸಬಹುದು. ಇಳಿದೆವು. ಮಗಳನ್ನು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂರಿಸಿ, ಚೀಲವನ್ನು ಅವಳ ತೊಡೆಯ ಮೇಲಿಟ್ಟು, "ಇಲ್ಲೇ ಕುಂದ್ರು, ಎರಡು ನಿಮಿಷದಾಗ ಬಂದೆ" ಎಂದೆ. ಆಟೋ ಹಿಡಿದು ಪಾಂಡೇಸರಾಕ್ಕೆ ಹೋದೆ.

ಮಾಸ್ತರ ನನ್ನನ್ನು ಗುರುತಿಸಿದ. ಗೇಟು ತೆರೆಯಬೇಡ ಎಂದು ವಾಚ್‌ಮನ್‌ಗೆ ಹೇಳಿದ. ನಾನು ಗೇಟಿನ ಹೊರಗೆ ನಿಂತು ಮಾತಾಡಿದೆ. ಎಷ್ಟು ಹೊತ್ತು ಎಂದು ನನಗೆ ಗೊತ್ತಿಲ್ಲ. ಸ್ಟೇಷನ್ನಿಗೆ ಮರಳಿದಾಗ ಸಂಜೆಯಾಗಿತ್ತು. ಮಗಳು ಅದೇ ಬೆಂಚಿನ ಮೇಲೆ ಕೂತಿದ್ದಳು, ಪಕ್ಕದಲ್ಲಿ ಒಬ್ಬ ಮಹಿಳಾ ಪೊಲೀಸ್, ಮುಂದೆ ಪೊಲೀಸರ ಫೋನು ಬಂದು ಅಹಮದಾಬಾದಿನಿಂದ ಓಡಿ ಬಂದಿದ್ದ ನನ್ನ ಗಂಡ. ಮಗಳ ಫ್ರಾಕು ಒದ್ದೆಯಾಗಿತ್ತು. ಅಮ್ಮ ಏಳಬೇಡ ಅಂದಿದ್ದಾಳೆ ಎಂದು ಅವಳು ಪೊಲೀಸಿನವಳು ಎಬ್ಬಿಸಿದರೂ ಎದ್ದಿರಲಿಲ್ಲ. ಆ ಚೀಲದ ಎರಡು ಹಿಡಿಕೆಯನ್ನೂ ಎರಡು ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ನಾನು ಅವಳಿಗೆ ಪಾಂಡೇಸರಾದ ಸುದ್ದಿ ಹೇಳತೊಡಗಿದೆ. ಅದನ್ನು ನೆನೆದರೆ ಇವತ್ತಿಗೂ ನನಗೆ ನನ್ನ ಮುಖ ಕನ್ನಡಿಯಲ್ಲಿ ನೋಡಿಕೊಳ್ಳಲಾಗುವುದಿಲ್ಲ.

ಆ ನಂತರವಾದರೂ ಡಾಕ್ಟರಿಗೆ ಹೇಳಿದರೇ? ಇಲ್ಲ. ಡಾಕ್ಟರ ಬಳಿಗೇ ಒಯ್ಯಲಿಲ್ಲ. ಎರಡೂ ಮನೆಯ ಹಿರಿಯರು ಫೋನಿನಲ್ಲಿ ಮಾತಾಡಿ ನನ್ನನ್ನು ಗದಗಿಗೆ, ನನ್ನ ಅವ್ವನ ಮನೆಗೆ ಕಳಿಸಿದರು. ಮಗಳ ಶಾಲೆ ಹಾಳಾಗಬಾರದೆಂದು ಅವಳನ್ನು ಅಲ್ಲೇ ಇಟ್ಟುಕೊಂಡರು. ಅವ್ವನ ಮನೆಯಲ್ಲಿ ನಿದ್ದೆಯ ಗುಳಿಗೆ ಕೊಟ್ಟು, ಕೊರಳಿಗೊಂದು ತಾಯತ ಕಟ್ಟಿ, ಅವ್ವನ ಅಣ್ಣನಿಗೆ ಕೊಟ್ಟಿದ್ದ ಅದೇ ಹಿತ್ತಲ ಕೋಣೆಯನ್ನು ನನಗೆ ಕೊಟ್ಟರು. ಎಂಟು ತಿಂಗಳು. ಮೊದಮೊದಲು ಮಗಳು ಫೋನಿನಲ್ಲಿ ಕನ್ನಡದಲ್ಲಿ ಅಳುತ್ತಿದ್ದಳು. ಆಮೇಲೆ ಹಿಂದಿ ಬೆರೆಸಿ ಶಾಲೆಯ ಸುದ್ದಿ ಹೇಳುತ್ತಿದ್ದಳು. ಕೊನೆಕೊನೆಗೆ "ಹಾಂ", "ನಾ" ಅಷ್ಟೇ.

ವಡೋದರಾಕ್ಕೆ ವರ್ಗವಾದ ಮೇಲೆ ನನ್ನನ್ನು ವಾಪಸು ಕರೆಸಿಕೊಂಡರು. ಒಂದು ಷರತ್ತಿತ್ತು. ಅತ್ತೆ ಅದನ್ನು ಫೋನಿನಲ್ಲಿ ಬಾಯಿಬಿಟ್ಟೇ ಹೇಳಿದರು: "ಇನ್ನೊಂದ್ ಸರ್ತಿ ಹಂಗಾತಂದ್ರ ಅಲ್ಲೇ ಇದ್ದುಬಿಡು, ಹುಡುಗಿನ್ನ ನಾ ನೋಡ್ಕೋತೀನಿ." ಬಂದು ನೋಡಿದರೆ ಮನೆಯಲ್ಲಿ ಗುಜರಾತಿ ಮಾತಾಡುವ ಒಬ್ಬ ಹುಡುಗಿ ಇದ್ದಳು. ಶಾಲೆಯಲ್ಲಿ ಗುಜರಾತಿ, ಓಣಿಯಲ್ಲಿ ಗುಜರಾತಿ, ಅಪ್ಪನ ಜೊತೆ ಹಿಂದಿ. ನಾನು ನಿಧಾನವಾಗಿ ಕನ್ನಡ ಆಡಿದರೆ ಅರ್ಧ ತಿಳಿಯುತ್ತಿತ್ತು, ಜೋರಾಗಿ ಆಡಿದರೆ ಅಪ್ಪನ ಮುಖ ನೋಡುತ್ತಿದ್ದಳು. ಅಪ್ಪ ಅನುವಾದಿಸುತ್ತಿದ್ದರು. ನನ್ನ ಮಗಳಿಗೂ ನಾನು ಅವರ ಬಾಯಿಂದಲೇ ಮಾತಾಡಬೇಕಾಯಿತು! ಅಂದು ನಾನು ಗುಜರಾತಿ ಕಲಿಯಲು ಹಟ ಹಿಡಿದೆ. ಡಾಕ್ಟರಿಗಾಗಿ ಅಲ್ಲ, ಮಗಳಿಗಾಗಿ.

ಕಲಿಸಿದವರು ಎದುರು ಮನೆಯ ಬೆನ್. ಅಕ್ಕಂದಿರಿಗೆಲ್ಲ ಅಲ್ಲಿ ಬೆನ್ ಎನ್ನುತ್ತಾರೆ. ಅರುವತ್ತರ ಹೆಂಗಸು, ಮೊಣಕಾಲು ನೋವು, ದೊಡ್ಡ ಗಂಟಲು. ಬಾಗಿಲ ಮುಂದಿನ ಕಟ್ಟೆಯಲ್ಲಿ ಮೆಂತ್ಯ ಸೋಸುತ್ತಾ ನನ್ನ ಒಂದೊಂದು ತಪ್ಪಿಗೂ ಬಿದ್ದು ಬಿದ್ದು ನಗುತ್ತಿದ್ದರು, ತಿದ್ದುತ್ತಿದ್ದರು. ಎರಡು ವರ್ಷ ಅವರು ನನ್ನನ್ನು ನೋಡಿದರು. ಒಂದು ಬೇಸಗೆಯಲ್ಲಿ ನಾನು ಇಡೀ ಬಿಲ್ಡಿಂಗಿಗೆ ಉಪ್ಪಿನಕಾಯಿ ಹಾಕಿಕೊಟ್ಟು, ಮಳೆಗಾಲದಲ್ಲಿ ಕದ ಹಾಕಿಕೊಂಡೆ. ಮರುವರ್ಷವೂ ಹಾಗೇ ಆಯಿತು. ಆ ಸಲ ನಾನು ಒಂಚೂರು ಎದ್ದು ಕೂತಾಗ ಕಟ್ಟೆಗೆ ಕರೆದು, ನಗದೆ ಕೇಳಿದರು:

"ಭರೂಚಿನಲ್ಲಿರೋ ನನ್ನ ತಮ್ಮನೂ ಹೀಗೇ. ಅವನು ಲಿಥಿಯಂ ತಗೋತಾನೆ. ನೀನು ಏನು ತಗೋತೀಯ?"

ಇದನ್ನು ಅವರು ಗುಜರಾತಿಯಲ್ಲೇ ಕೇಳಿದ್ದು. ನಾನು ಒಳಗೆ ಹೋಗಿ ಚೀಲ ತಂದು ತೋರಿಸಿದೆ. ಬಿದ್ದಾಗೆಲ್ಲ ನನ್ನ ಗಂಡ ಅಹಮದಾಬಾದಿನ ಹಳೆಯ ಚೀಟಿಯ ಮೇಲೆ ತರುತ್ತಿದ್ದ ಗುಳಿಗೆಯ ಹಾಳೆ ಹೊರಳಿಸಿ ನೋಡಿ, ಇದು ಬೀಳುವಾಗಿನದ್ದು ಮಾತ್ರ, ಏರುವಾಗಿನದ್ದು ಎಲ್ಲಿ ಎಂದರು. ಏರುವುದನ್ನು ಡಾಕ್ಟರಿಗೆ ಹೇಳಿಲ್ಲ ಎಂದೆ. ಬೆನ್ ನನ್ನನ್ನು ಬೈದ ಬೈಗುಳ ಪೂರ್ತಿ ಅರ್ಥವಾಗಲಿಲ್ಲ, ಆದರೆ ನನಗೆ ಅಷ್ಟು ಹಿತವಾದ ಬೈಗುಳವನ್ನು ಯಾರೂ ಬೈದಿರಲಿಲ್ಲ. ಮರುದಿನ ಬೆಳಿಗ್ಗೆ, ನನ್ನ ಗಂಡ ಬ್ಯಾಂಕಿಗೆ ಹೋದ ಮೇಲೆ, ಆ ನೋವಿನ ಮೊಣಕಾಲಿನಲ್ಲೇ ಸ್ಕೂಟರ್ ಹೊಡೆದುಕೊಂಡು ವಡೋದರಾದಲ್ಲೇ ಇದ್ದ, ತಮ್ಮನನ್ನು ನೋಡುವ ಡಾಕ್ಟರ ಬಳಿಗೆ ನನ್ನನ್ನು ಕರೆದೊಯ್ದರು. ಕರೆದೊಯ್ದು, ತಾವು ಹೊರಗೆ ಕೂತರು. "ನೀನೇ ಹೇಳು. ಬಂದಷ್ಟು ಹೇಳು" ಎಂದರು.

ಒಳಗಿದ್ದವರು ಹೆಂಗಸು, ಕನ್ನಡಕ ತಲೆಯ ಮೇಲೆ ಏರಿಸಿಕೊಂಡಿದ್ದರು. ಅಹಮದಾಬಾದಿನ ಡಾಕ್ಟರು ಕೇಳಿದ ಪ್ರಶ್ನೆಯನ್ನೇ ಕೇಳಿದರು. ನಾನು ಚೀಲವನ್ನು ಮೇಜಿನ ಮೇಲಿಟ್ಟೆ. ನಾಲ್ಕು ವರ್ಷ ನನ್ನ ಗುಳಿಗೆ ಹೊತ್ತು ತಿರುಗಿದ ಆ ಆನೆಗಳ ಕಥೆಯನ್ನು ಮುರುಕು ಗುಜರಾತಿಯಲ್ಲಿ ಹೇಳಿದೆ. ರೊಟ್ಟಿ, ಮಿಲ್ಲು, ಉರುಳೆ, ಕಾರ್ಯದರ್ಶಿಯ ಹೆಂಡತಿ, ಬೆಂಚು, ಒದ್ದೆ ಫ್ರಾಕು, ಹಿತ್ತಲ ಕೋಣೆಯ ಸೋದರಮಾವ. ಶಬ್ದ ಸಿಗದ ಕಡೆ ಕೈಯಿಂದ ತೋರಿಸಿದೆ. ಡಾಕ್ಟರು ನಡುವೆ ಎಲ್ಲೂ ಅವಸರ ಮಾಡಲಿಲ್ಲ. ಮುಗಿದ ಮೇಲೆ ಚೀಲವನ್ನು ಕೈಗೆತ್ತಿಕೊಂಡು ಆನೆಯನ್ನು ನೋಡಿದರು, ಕಾಗದದ ಮೇಲೆ ಆ ಹೆಸರು ಬರೆದು ನನ್ನ ಕಡೆ ತಿರುಗಿಸಿದರು. ಬಿದ್ದಾಗಿನ ಗುಳಿಗೆಯೊಂದನ್ನೇ ಕೊಟ್ಟರೆ ನಿಮ್ಮಂಥವರು ಕೆಲವರು ಮೇಲೆ ಹಾರಿಬಿಡಬಹುದು, ಇದು ಮೊದಲೇ ಗೊತ್ತಿದ್ದರೆ ಬೇರೆ ಔಷಧಿ ಕೊಡುತ್ತಿದ್ದರು ಎಂದರು.

ಗೊತ್ತಿದ್ದರೆ! ಒಬ್ಬ ಹುಡುಗಿ ಸಂಜೆಯವರೆಗೆ ಬೆಂಚಿನ ಮೇಲೆ ಕೂರಬೇಕಿರಲಿಲ್ಲ. ಎಂಟು ತಿಂಗಳಲ್ಲಿ ಅವಳ ಕನ್ನಡ ಹೋಗಬೇಕಿರಲಿಲ್ಲ. ಅವತ್ತು ನಾನು ಡಾಕ್ಟರ ಎದುರಿಗೆ ಅತ್ತದ್ದು ಜಡ್ಡಿನ ಹೆಸರು ಕೇಳಿ ಅಲ್ಲ, ಸಿಟ್ಟಿಗೆ ಅತ್ತೆ.

ಲಿಥಿಯಂ ಶುರುವಾಯಿತು. ತಿಂಗಳು ತಿಂಗಳು ರಕ್ತ ತೆಗೆಸಬೇಕು, ಔಷಧಿ ರಕ್ತದಲ್ಲಿ ಹದವಾಗಿದೆಯೇ ಎಂದು ನೋಡಬೇಕು. ನೀರು ಧಾರಾಳ ಕುಡಿಯಬೇಕು, ವಡೋದರಾದ ಬಿಸಿಲಿನಲ್ಲಿ ಇನ್ನೂ ಹೆಚ್ಚು. ಉಪವಾಸ ಮಾಡಬಾರದು, ಅರಾಮ ಅನ್ನಿಸಿತೆಂದು ತಾನಾಗಿ ನಿಲ್ಲಿಸಬಾರದು. ಕೈ ಸಣ್ಣಗೆ ನಡುಗುತ್ತದೆ, ರಂಗೋಲಿಯ ಗೆರೆ ನೆಟ್ಟಗೆ ಬರುವುದಿಲ್ಲ. ಎರಡು ವರ್ಷವಾಯಿತು, ಏರಿಲ್ಲ, ಬಿದ್ದಿಲ್ಲ. ಒಂದೊಂದು ವರದಿಯನ್ನೂ ಫೈಲಿಗೆ ಹಾಕಿದೆ. ಎರಡು ಸಲ ಗಂಡನನ್ನೂ ಕರೆದೊಯ್ದೆ. ಡಾಕ್ಟರು ಚಿತ್ರ ಬರೆದು ತಿಳಿಸಿ ಹೇಳಿದರು. ಅವರು ತಲೆಯಾಡಿಸಿದರು, ದಾರಿಯಲ್ಲಿ ಕಣ್ಣೊರೆಸಿಕೊಂಡರು, ತಪ್ಪಾಯಿತು ಎಂದರು. ನಾನು ಕ್ಷಮಿಸಿದೆನೋ ಇಲ್ಲವೋ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅವರು ಕಲಿತದ್ದು ಒಂದೇ ಮಾತು. ಹಾಲು ಉಕ್ಕಿತೆಂದು ನಾನು ಗೊಣಗಿದರೆ: "ಗುಳಿಗಿ ತೊಗೊಂಡಿಯೇನ?" ಟಿ.ವಿ. ನೋಡಿ ಜೋರಾಗಿ ನಕ್ಕರೆ: "ಗುಳಿಗಿ ತೊಗೊಂಡಿಯೇನ?" ಅತ್ತೆಯ ಫೋನಿನ ಮೇಲೆ ನಾನು ಒಂದು ಮಾತು ಎದುರಾಡಿದರೆ ಸಾಕು, ಪಕ್ಕದ ಕೋಣೆಯಿಂದ ಅದೇ ಪ್ರಶ್ನೆ. ಮೊದಲು ಜಡ್ಡನ್ನು ನಾರ್ಮಲ್ ಎಂದವರು ಈಗ ನನ್ನ ನಾರ್ಮಲ್ ಅನ್ನೆಲ್ಲ ಜಡ್ಡು ಎನ್ನತೊಡಗಿದರು. ಮಗಳಿಗೂ ಹದಿಮೂರಾಗಿದೆ. ಅಪ್ಪನ ದನಿ ಕೇಳಿದೊಡನೆ ಅವಳು ನನ್ನ ಮುಖ ನೋಡುತ್ತಾಳೆ, ಬೆಂಚಿನ ಮೇಲೆ ಕೂತು ನೋಡಿದ ಹಾಗೆ. ನನಗೆ ಅದೇ ಎಲ್ಲಕ್ಕಿಂತ ಹೆಚ್ಚು ಸುಡುತ್ತದೆ. ಮಗಳ ಎದುರು ಸಿಟ್ಟು ಮಾಡಿಕೊಳ್ಳುವ ಹಕ್ಕೂ ನನಗಿಲ್ಲವಾಯಿತು.

ಕಳೆದ ತಿಂಗಳು ಮತ್ತೆ ಆದೇಶ ಬಂತು, ಮರಳಿ ಅಹಮದಾಬಾದಿಗೆ. ಸಾಮಾನು ಕಟ್ಟುವ ದಿನ ಬೆಳಿಗ್ಗೆ ಪಸ್ತಿಯವನು ಬಂದಿದ್ದ. ಹಳೆ ಪೇಪರಿನ ಕಟ್ಟುಗಳನ್ನು ಬಾಗಿಲ ಬಳಿ ತಕ್ಕಡಿಗೆ ಹಾಕುತ್ತಿದ್ದ. ನಾನು ರೊಟ್ಟಿ ಹಂಚಿಗೆ ಗೋಣಿತಟ್ಟು ಸುತ್ತುತ್ತಾ ಆ ಕಡೆ ನೋಡಿದೆ. ಪೇಪರುಗಳ ನಡುವೆ ನೀಲಿ ರಟ್ಟು ಕಂಡಿತು. ನನ್ನ ಫೈಲು.

ಹಂಚು ಕೆಳಗಿಟ್ಟು ಹೋಗಿ ಅದನ್ನು ಎಳೆದುಕೊಂಡೆ. ಒಂದು ಕಾಗದವೂ ಹೋಗಿರಲಿಲ್ಲ. ನನ್ನ ಗಂಡ ಒಳಗಿನಿಂದ ಬಂದರು. ಕೈಯಲ್ಲಿ ದಾರದ ಉಂಡೆ.

"ಇದನ್ನ ಯಾರು ಹಾಕಿದ್ರು ಇಲ್ಲಿ?"

"ಈಗ ಅರಾಮ ಅದೀಯಲ್ಲ" ಎಂದರು ಮೆತ್ತಗೆ. "ಆ ಊರಿನ್ಯಾಗ ಹಳೇ ಮಂದಿ ಅದಾರ, ಎಲ್ಲಾರಿಗೂ ಗುರುತು. ಗುಳಿಗಿ ಚೀಟಿ ಒಂದ ಸಾಕು. ಇಷ್ಟೆಲ್ಲಾ ಹೊತ್ಕೊಂಡು ಯಾಕ ಹೋಗೂದು? ಹೊಸಾದಾಗಿ..."

"ಹೊಸಾದಾಗಿ" ಎಂದು ಕೇಳಿದ್ದೇ ತಡ, ನನ್ನ ದನಿ ಏರಿತು. ಪಸ್ತಿಯವನು ತಕ್ಕಡಿ ಹಿಡಿದು ನಿಂತ. ಎದುರು ಮನೆಯ ಬೆನ್ ಬಾಗಿಲು ತೆರೆದರು. ಕೋಣೆಯಿಂದ ಮಗಳು ಓಡಿ ಬಂದು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ನನ್ನ ಗಂಡ ಒಂದು ಹೆಜ್ಜೆ ಮುಂದೆ ಬಂದು, ಜ್ವರ ಬಂದವರನ್ನು ಕೇಳುವ ದನಿಯಲ್ಲಿ ಕೇಳಿದರು:

"ಇವತ್ತ ಗುಳಿಗಿ ತೊಗೊಂಡಿಯೇನ?"

"ತೊಗೊಂಡೀನಿ" ಎಂದೆ. "ನಿನ್ನೆ ತೊಗೊಂಡೀನಿ, ಇವತ್ತ ತೊಗೊಂಡೀನಿ. ಮೊನ್ನಿ ರಕ್ತ ತಗಸೀನಿ, ಹದಾ ಐತಿ ಅಂತ ಬರದಾರ, ಇದರಾಗ ಮ್ಯಾಲಿನ ಹಾಳಿ ಅದ, ಓದಿ ನೋಡ್ರಿ. ಇನ್ನ ನಾ ಸಿಟ್ಟಿಗಿ ಬರಬಹುದಲ್ರಿ?"

ಆಮೇಲೆ ನಾನು ಆಡಿದ್ದು ಆರು ವರ್ಷದ ಮಾತು. ಅರಿವಿ ವಿಚಾರ ಹೇಳ್ರಿ ಅಂದಾಗ ನೀವು ಏನು ಹೇಳಿದಿರಿ ಎಂದು ಕೇಳಿದೆ. ಏಳು ವರ್ಷದ ಹುಡುಗಿಯ ಮದುವೆಗೋಸ್ಕರ ಅವಳನ್ನೇ ಬೆಂಚಿನ ಮೇಲೆ ಕೂರಿಸಿದಿರಿ ಎಂದೆ. ಕೂರಿಸಿದವಳು ನಾನು, ಅದನ್ನು ನಾನು ಸಾಯುವವರೆಗೆ ಹೊರುತ್ತೇನೆ, ಆದರೆ ನನ್ನನ್ನು ಅಲ್ಲಿಗೆ ಕಳಿಸಿದ ಮಾತು ನಿಮ್ಮ ಬಾಯಿಂದ ಬಂದದ್ದು ಎಂದೆ. ಎಲ್ಲವೂ ಗದಗಿನ ಕನ್ನಡದಲ್ಲಿ, ಉಸಿರು ಬಿಡದೆ.  ಮಾತು ಎಲ್ಲೂ ತೊದಲಲಿಲ್ಲ.

ಅವರು ಬಗ್ಗಿ, ಕಟ್ಟಿದ್ದ ಪೇಪರಿಗೇ ಮತ್ತೆ ದಾರ ಸುತ್ತತೊಡಗಿದರು. ಮಗಳು ಅಪ್ಪನ ತೋಳು ಜಗ್ಗಿದಳು.

"ಪಪ್ಪಾ, ಮಮ್ಮೀ ಶುಂ ಕಹೇ ಛೇ?"

ಮಮ್ಮಿ ಏನು ಹೇಳುತ್ತಿದ್ದಾಳೆ ಎಂದು. ಇಷ್ಟು ವರ್ಷ ನನ್ನ ಮಾತನ್ನು ಬೇಕಾದಷ್ಟು ಇಟ್ಟು ಬೇಡದ್ದು ಬಿಟ್ಟು ಹಂಚಿದ ಮನುಷ್ಯನಿಗೆ ಈ ಮಾತನ್ನೂ ಹಂಚಲು ನಾನು ಬಿಡಲಿಲ್ಲ. ನಾನು ಫೈಲನ್ನು ಎದೆಗೊತ್ತಿಕೊಂಡು ಮಗಳ ಮುಂದೆ ನೆಲದ ಮೇಲೆ ಕೂತೆ. ಆ ಬೆಂಚಿನಿಂದ ಶುರು ಮಾಡಿ, ಗುಜರಾತಿಯಲ್ಲಿ, ಒಂದು ಮಾತನ್ನೂ ಬಿಡದೆ ನಾನೇ ಅವಳಿಗೆ ಹೇಳಿದೆ.